ಮಳೆ ಜೋರಾದರೆ ಮಗಳಿಗೆ ನಿದ್ದೆ ಇಲ್ಲ. ನೀವೆಲ್ಲ ಮನೆಯಲ್ಲಿ ಏನು ಮಾಡುತ್ತೀರಿ?

ಡೊಂಬಿವಲಿ ಅಮ್ಮ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ನೀವು ಬರೆಯುವುದನ್ನೆಲ್ಲ ತುಂಬ ದಿನದಿಂದ ಓದುತ್ತಿದ್ದೇನೆ. ನಾನಾಗಿ ಬರೆಯುವುದು ಇದೇ ಮೊದಲು.

ನನ್ನ ಮಗಳಿಗೆ 17 ವರ್ಷ, ಹನ್ನೆರಡನೇ ತರಗತಿ. 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬಯಿಗೆ ಬಂತು, ನೆನಪಿದೆಯಲ್ಲ? ಜೂನ್ 11ರ ಸುಮಾರಿಗೆ ಬರಬೇಕಾದ ಮಳೆ. ಅಷ್ಟು ಬೇಗ ಬಂದ ದಾಖಲೆಯೇ ಇಲ್ಲ ಎಂದು ಪೇಪರಿನಲ್ಲಿ ಓದಿದಳು. ಅವತ್ತು ಶುರುವಾದ ಹೆದರಿಕೆ ಇನ್ನೂ ನಿಂತಿಲ್ಲ. ಮಳೆ ಜೋರಾದರೆ ಎದ್ದು ಕಿಟಕಿಯ ಹತ್ತಿರ ಕೂತುಬಿಡುತ್ತಾಳೆ. ಕೈಯಲ್ಲಿ ಮೊಬೈಲ್, ಅದರಲ್ಲಿ ಎಲ್ಲೋ ಪ್ರವಾಹ, ಇನ್ನೆಲ್ಲೋ ಕಾಡ್ಗಿಚ್ಚು. ಮೊನ್ನೆ ಕೇಳಿದಳು: "ಅಮ್ಮ, ನನಗೆ ನಲವತ್ತು ಆಗುವ ಹೊತ್ತಿಗೆ ಈ ಊರು ಇರುತ್ತದಾ?" ನಾನು "ಸುಮ್ಮನೆ ಮಲಗು, ಏನೇನೋ ಯೋಚಿಸಬೇಡ" ಎಂದೆ. ಹಾಗೆ ಹೇಳಿದ್ದಕ್ಕೆ ಈಗಲೂ ಬೇಸರವಿದೆ.

ಯಾಕೆಂದರೆ ನನಗೂ ಹೆದರಿಕೆ ಇದೆ. 2005ರ ಜುಲೈ 26ರಂದು ನಾನು ಕುರ್ಲಾದ ಹತ್ತಿರ ಲೋಕಲ್‌ನಲ್ಲಿ ಸಿಕ್ಕಿಬಿದ್ದಿದ್ದೆ. ಆ ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ಕತ್ತಲಲ್ಲಿ ಸೊಂಟದವರೆಗಿನ ನೀರಿನಲ್ಲಿ, ಹಿಂದೆ ಮುಂದೆ ಇದ್ದವರ ಕೈ ಹಿಡಿದು ನಡೆದೆವು. ಘಾಟ್ಕೋಪರಿನಲ್ಲಿ ಗುರುತಿಲ್ಲದ ಒಬ್ಬ ಗುಜರಾತಿ ಅಜ್ಜಿ ಮನೆಯೊಳಗೆ ಕರೆದು ಚಹಾ ಕೊಟ್ಟು, ಒಣ ಸೀರೆ ಕೊಟ್ಟರು. ಈಗಲೂ ಆಕಾಶ ಒಂದು ಥರ ಕಪ್ಪಾದರೆ ನನ್ನ ಹೊಟ್ಟೆ ಹಿಂಡುತ್ತದೆ. ಮಗಳಿಗೆ ಇದನ್ನು ಯಾವತ್ತೂ ಹೇಳಿಲ್ಲ.

ಅವಳಿಗೆ ನಾನು ಏನು ಹೇಳಲಿ? ಅದಕ್ಕಿಂತ ಹೆಚ್ಚಾಗಿ, ಅವಳ ಜೊತೆ ಸೇರಿ ಏನು ಮಾಡಲಿ? ದಿನನಿತ್ಯ ಮನೆಯಲ್ಲಿ ಮಾಡುವ ಕೆಲಸಗಳಿಂದ ನಿಮ್ಮಲ್ಲಿ ಯಾರಿಗಾದರೂ ಮನಸ್ಸು ಹಗುರಾಗಿದ್ದರೆ ದಯವಿಟ್ಟು ಬರೆಯಿರಿ.

ಮುಲುಂಡ್ ಮೇಷ್ಟ್ರು · ಸೋಮವಾರ ಬೆಳಿಗ್ಗೆ

ಅಮ್ಮಾ, ಮೊದಲು ಒಂದು ಮಾತು. ನಿಮ್ಮ ಮಗಳು ಒಬ್ಬಳೇ ಅಲ್ಲ. 2021ರಲ್ಲಿ ಭಾರತವೂ ಸೇರಿ ಹತ್ತು ದೇಶಗಳಲ್ಲಿ 16ರಿಂದ 25 ವಯಸ್ಸಿನ 10,000 ಮಂದಿಯನ್ನು ಕೇಳಿ ಒಂದು ಸಮೀಕ್ಷೆ ಮಾಡಿದ್ದರು. ನೂರಕ್ಕೆ 59 ಮಂದಿ ಹವಾಮಾನದ ಬಗ್ಗೆ ತುಂಬ ಅಥವಾ ವಿಪರೀತ ಚಿಂತೆ ಇದೆ ಎಂದರು. ಊಟ, ನಿದ್ದೆ, ಓದಿನ ಮೇಲೂ ಅದರ ಪರಿಣಾಮ ಆಗುತ್ತಿದೆ ಎಂದವರು 45ಕ್ಕಿಂತ ಹೆಚ್ಚು. ಇದನ್ನು ಅವಳಿಗೆ ತೋರಿಸಿ. ತನಗೊಬ್ಬಳಿಗೇ ತಲೆ ಕೆಟ್ಟಿದೆ ಎಂಬ ಭಾವನೆ ಹೋಗಲಿ.

ನಾನು ಮೂವತ್ತು ವರ್ಷ ರಾತ್ರಿಶಾಲೆಯಲ್ಲಿ ಪಾಠ ಮಾಡಿದವನು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಕಲಿಯಲು ಬರುತ್ತಿದ್ದ ಹುಡುಗರು ನನ್ನ ವಿದ್ಯಾರ್ಥಿಗಳು. ಮಕ್ಕಳು ದೊಡ್ಡ ಪ್ರಶ್ನೆ ಕೇಳಿದಾಗ "ಯೋಚಿಸಬೇಡ" ಎಂದರೆ ಅವರು ಯೋಚಿಸುವುದನ್ನು ಬಿಡುವುದಿಲ್ಲ, ನಮ್ಮನ್ನು ಕೇಳುವುದನ್ನು ಬಿಡುತ್ತಾರೆ. ನಿಮ್ಮ 2005ರ ಕಥೆಯನ್ನು ಹೇಳಿ. ಆ ಅಜ್ಜಿಯ ಸೀರೆಯ ತನಕ ಪೂರ್ತಿ ಹೇಳಿ.

ಮೊಬೈಲಿಗೆ ಒಂದು ಹೊತ್ತು ಗೊತ್ತುಮಾಡಿ. ಹವಾಮಾನದ ಸುದ್ದಿ ದಿನಕ್ಕೊಮ್ಮೆ ಸಾಕು, ಅದೂ ಹಗಲಿನಲ್ಲಿ. ಊಟ ಬಿಟ್ಟರೆ, ಎರಡು ಮೂರು ವಾರ ನಿದ್ದೆ ಹೀಗೇ ಕೆಟ್ಟರೆ ಮಾತ್ರ ತಡಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಥಾಣೆ ವೈರ್‌ಮನ್ · ಸೋಮವಾರ ಮಧ್ಯಾಹ್ನ

ನಾನು ಕರೆಂಟಿನ ಕೆಲಸದವನು, ನನಗೆ ಗೊತ್ತಿದ್ದದ್ದನ್ನೇ ಹೇಳುತ್ತೇನೆ. ಆತಂಕ ಇರುವವರು ಏನೇನೋ ಸಣ್ಣ ಸಣ್ಣದಕ್ಕೆ ಒದ್ದಾಡುತ್ತಾರೆ, ದೊಡ್ಡದು ಕಣ್ಣಿಗೆ ಬೀಳುವುದಿಲ್ಲ. ನನ್ನ ತಂಗಿ ರಾತ್ರಿ ಎದ್ದು ಚಾರ್ಜರ್ ಕಿತ್ತಿಟ್ಟು ಬರುತ್ತಿದ್ದಳು. ಸುಮ್ಮನೆ ಸಿಕ್ಕಿಸಿಟ್ಟ ಚಾರ್ಜರ್ ವರ್ಷಕ್ಕೆ ತಿನ್ನುವುದು ಒಂದೆರಡು ಯೂನಿಟ್. ಅದೇ ಮನೆಯ ಹಳೆಯ ಎಸಿ ಒಂದೇ ರಾತ್ರಿಗೆ 8-10 ಯೂನಿಟ್ ಎಳೆಯುತ್ತಿತ್ತು.

ನಮ್ಮ ದೇಶದಲ್ಲಿ ಹೆಚ್ಚಿನ ಕರೆಂಟು ಕಲ್ಲಿದ್ದಲಿನಿಂದ ಬರುವುದರಿಂದ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಲೆಕ್ಕ ಇಟ್ಟುಕೊಳ್ಳಿ. ಈಗ ನೋಡಿ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್. ಹೊಸ ಬಿಎಲ್‌ಡಿಸಿ ಫ್ಯಾನ್, ಅಂದರೆ ಬ್ರಶ್ ಇಲ್ಲದ ಡಿಸಿ ಮೋಟರಿನದು, 30 ವ್ಯಾಟ್ ಆಸುಪಾಸು, ಗಾಳಿ ಅಷ್ಟೇ. ಮೂರು ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ದಿನಕ್ಕೆ 1.6 ಯೂನಿಟ್ ಉಳಿಯುತ್ತದೆ, ತಿಂಗಳಿಗೆ 48. ಅಂದರೆ ತಿಂಗಳಿಗೆ 33-34 ಕೆ.ಜಿ. ಇಂಗಾಲದ ಡೈಆಕ್ಸೈಡ್. ಮುಂಬಯಿಯಲ್ಲಿ ಫ್ಯಾನ್ ನಿಲ್ಲುವ ತಿಂಗಳೇ ಇಲ್ಲ, ಹಾಗಾಗಿ ಇಲ್ಲಿ ಇದು ಎಲ್ಲದಕ್ಕಿಂತ ಒಳ್ಳೆಯ ಕೆಲಸ. ಎಸಿ ಇದ್ದರೆ 20ಕ್ಕೆ ಇಡಬೇಡಿ, 26ಕ್ಕೆ ಇಟ್ಟು ಫ್ಯಾನ್ ಹಾಕಿ. ಒಂದೊಂದು ಡಿಗ್ರಿಗೆ ಸುಮಾರು 6 ಶೇಕಡಾ ಉಳಿಯುತ್ತದೆ.

ಗೀಸರ್: 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು 0.6 ಯೂನಿಟ್. ಏಪ್ರಿಲ್-ಮೇಯಲ್ಲಿ ಟಾಕಿಯ ನೀರೇ ಕಾದಿರುತ್ತದೆ, ಗೀಸರಿನ ಸ್ವಿಚ್ಚಿಗೆ ಟೇಪ್ ಅಂಟಿಸಿಬಿಡಿ.

ಮಗಳ ಕೈಗೆ ಕರೆಂಟ್ ಬಿಲ್ ಕೊಡಿ. ಒಂದು ವರ್ಷದ ಬಿಲ್ಲುಗಳನ್ನು ಅವಳೇ ಬರೆದಿಡಲಿ. ತಾನು ಮಾಡಿದ್ದು ಯೂನಿಟ್ ಆಗಿ ಕಣ್ಣಿಗೆ ಕಂಡಾಗ ಬರುವ ಧೈರ್ಯ ಬೇರೆಯೇ.

ಸಯನ್ ಹೋಟೆಲಿನವ · ಸೋಮವಾರ ರಾತ್ರಿ

ಅಕ್ಕ, ಹೋಟೆಲ್ ಈಗ ಮುಚ್ಚಿ ಕೂತೆ. ನಮ್ಮದು ಅಪ್ಪನ ಕಾಲದ ಉಡುಪಿ ಹೋಟೆಲ್.

ನನ್ನ ಚಿಂತೆ ಶುರುವಾದದ್ದು ಡ್ರಮ್‌ನಿಂದ. ರಾತ್ರಿ ಎರಡು ಡ್ರಮ್ ತುಂಬ ಎಂಜಲು ಹೋಗುತ್ತಿತ್ತು. ಅಷ್ಟೂ ಅನ್ನ, ಪಲ್ಯ, ಚಪಾತಿ. ಅಪ್ಪ ಬದುಕಿದ್ದಾಗ ಅಗುಳು ಬಿದ್ದರೆ ಹೆಕ್ಕಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಒಂದು ದಿನ ಲಾರಿಯವನನ್ನು ಕೇಳಿದೆ, ಇದು ಎಲ್ಲಿಗೆ ಹೋಗುತ್ತದೆ ಎಂದು. ಗುಡ್ಡೆಗೆ ಎಂದ. ಗಾಳಿಯಾಡದ ಕಸದ ಗುಡ್ಡೆಯೊಳಗೆ ಅನ್ನ ಕೊಳೆತರೆ ಮೀಥೇನ್ ಆಗುತ್ತದೆ, ಅದು ಇಂಗಾಲದ ಡೈಆಕ್ಸೈಡ್‌ಗಿಂತ ನೂರು ವರ್ಷದ ಲೆಕ್ಕದಲ್ಲಿ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ ಎಂದು ನನ್ನ ಮಗ ಹೇಳಿದ. ಅವತ್ತು ನನಗೂ ನಿದ್ದೆ ಬರಲಿಲ್ಲ.

ಮಾಡಿದ್ದಿಷ್ಟು. ರೈಸ್ ಪ್ಲೇಟಿನಲ್ಲಿ ಅನ್ನ ಮೊದಲೇ ರಾಶಿ ಹಾಕುವುದನ್ನು ನಿಲ್ಲಿಸಿದೆ. ಸಣ್ಣ ಬಟ್ಟಲು ಕೊಟ್ಟು, ಬೇಕಾದರೆ ಮತ್ತೆ ಬಡಿಸು ಎಂದು ಹುಡುಗರಿಗೆ ಹೇಳಿದೆ. ಹಣ ಹೆಚ್ಚಿಲ್ಲ. ಮೊದಲ ವಾರ ಗಿರಾಕಿಗಳು ಮುಖ ಸಿಂಡರಿಸಿದರು, ಆಮೇಲೆ ಒಗ್ಗಿಹೋಯಿತು. ಈಗ ಒಂದೇ ಡ್ರಮ್, ಅದೂ ಪೂರ್ತಿ ತುಂಬುವುದಿಲ್ಲ. ಹೀರೆಕಾಯಿ ಸಿಪ್ಪೆ ಚಟ್ನಿಗೆ ಹೋಗುತ್ತದೆ, ಕಲ್ಲಂಗಡಿಯ ಬಿಳಿ ಭಾಗ ದೋಸೆ ಹಿಟ್ಟಿಗೆ. ಇದೆಲ್ಲ ನಮ್ಮ ಅಜ್ಜಿಯಂದಿರು ಮಾಡುತ್ತಿದ್ದದ್ದೇ. ಪಾರ್ಸೆಲ್‌ಗೆ ಸ್ವಂತ ಡಬ್ಬಿ ತಂದವರಿಗೆ ಒಂದು ಇಡ್ಲಿ ಜಾಸ್ತಿ ಹಾಕುತ್ತೇನೆ. 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಬಂದಾಗ ನಾವೆಲ್ಲ ಗೊಣಗಿದ್ದೆವು. ಈಗ ಬೆಳಿಗ್ಗೆ ಏಳಕ್ಕೆ ಸ್ಟೀಲ್ ಡಬ್ಬಿ ಹಿಡಿದವರ ಸಾಲು ನೋಡಿದರೆ ನನಗೆ ಖುಷಿ.

ಮನೆಗಾದರೆ: ಬೇಳೆ ಒಂದು ಗಂಟೆ ನೆನೆಸಿ ಕುಕ್ಕರ್ ಇಡಿ, ಕಾಳು ರಾತ್ರಿಯೇ ನೆನೆಸಿ. 14.2 ಕೆ.ಜಿ.ಯ ಒಂದು ಸಿಲಿಂಡರ್ ಉರಿದರೆ 42 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್. ಸಿಲಿಂಡರ್ ಹತ್ತು ದಿನ ಹೆಚ್ಚು ಬಂದರೆ ಅದೇ ಲಾಭ.

ಅಂಧೇರಿ ಪಶ್ಚಿಮ · ಮಂಗಳವಾರ ಬೆಳಿಗ್ಗೆ

ನಾನು ಬೇರೆ ಮಾತು ಹೇಳಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ.

ಏಳು ವರ್ಷ ನಾನು ಇದನ್ನೆಲ್ಲ ಮಾಡಿದೆ. ಬಟ್ಟೆಯ ಚೀಲ, ಬಿದಿರಿನ ಬ್ರಶ್, ಮಾಂಸ ಬಿಟ್ಟದ್ದು, ವಿಮಾನ ಬಿಟ್ಟದ್ದು. 2019ರ ಅಕ್ಟೋಬರ್ ಮೊದಲ ವಾರ ಮುಂಬಯಿಯ ಆರೆ ಕಾಡಿನಲ್ಲಿ ಮೆಟ್ರೊ ಕಾರ್‌ಶೆಡ್‌ಗಾಗಿ ರಾತ್ರೋರಾತ್ರಿ ಮರ ಕಡಿದಾಗ ನಾನು ಅಲ್ಲಿಗೆ ಹೋಗಿದ್ದೆ. ಗರಗಸದ ಸದ್ದು ಕತ್ತಲಲ್ಲಿ ಕೇಳುತ್ತಿತ್ತು, ನಮ್ಮನ್ನು ಒಳಗೆ ಬಿಡಲಿಲ್ಲ. ಅಕ್ಟೋಬರ್ 7ಕ್ಕೆ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದ್ದವು. ಮನೆಗೆ ಬಂದು ನನ್ನ ಬಿದಿರಿನ ಬ್ರಶ್ ನೋಡಿ ಅತ್ತುಬಿಟ್ಟೆ. ನಿಜವಾಗಿ ಅತ್ತೆ.

ನಿಮ್ಮ ನಿಮ್ಮ ಇಂಗಾಲದ ಹೆಜ್ಜೆಗುರುತು, ಅಂದರೆ ಒಬ್ಬೊಬ್ಬರಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್‌ನ ಲೆಕ್ಕ, ಅಳೆದುಕೊಳ್ಳಿ ಎಂಬ ಮಾತನ್ನು ಸುಮಾರು ಇಪ್ಪತ್ತು ವರ್ಷದ ಹಿಂದೆ ಜಾಹೀರಾತು ಮಾಡಿ ಜನರ ಬಾಯಿಗೆ ಹತ್ತಿಸಿದ್ದು ಬಿಪಿ ಎಂಬ ತೈಲ ಕಂಪನಿ. ತೈಲ ತೆಗೆಯುವವರು ನಮ್ಮ ಕೈಗೆ ತಕ್ಕಡಿ ಕೊಟ್ಟರು. ಭಾರತೀಯನೊಬ್ಬನ ಪಾಲು ವರ್ಷಕ್ಕೆ ಎರಡು ಟನ್ ಆಸುಪಾಸು, ಅಮೆರಿಕದವನದು ಅದರ ಏಳು ಪಟ್ಟಿನಷ್ಟು. ಹದಿನೇಳು ವರ್ಷದ ಹುಡುಗಿ ಫ್ಯಾನಿನ ವ್ಯಾಟ್ ಲೆಕ್ಕ ಹಾಕುತ್ತಾ ಕೂರಬೇಕೇ? ಅವಳಿಗೆ ಅಪರಾಧಿ ಭಾವ ಹೊರಿಸಬೇಡಿ ಎನ್ನುವುದಷ್ಟೇ ನನ್ನ ಕಳಕಳಿ. ನನ್ನಲ್ಲಿ ಅದು ಚಿಂತೆಯನ್ನು ಹೆಚ್ಚಿಸಿತೇ ಹೊರತು ಇಳಿಸಲಿಲ್ಲ.

ಥಾಣೆ ವೈರ್‌ಮನ್ · ಮಂಗಳವಾರ ಬೆಳಿಗ್ಗೆ

ಸರ್, ನೀವು ಹೇಳಿದ್ದು ಸರಿ ಇದೆ, ಹೆಜ್ಜೆಗುರುತಿನ ವಿಷಯ ನನಗೆ ಗೊತ್ತಿರಲಿಲ್ಲ. ನಾನು ಲೆಕ್ಕ ಕೊಟ್ಟದ್ದು ತಪ್ಪಿತಸ್ಥರನ್ನು ಹುಡುಕಲು ಅಲ್ಲ. ಏನು ಮಾಡಬೇಕೋ ಗೊತ್ತಾಗದೆ ಎಲ್ಲದಕ್ಕೂ ಹೆದರುವವರಿಗೆ ಎರಡು ಮೂರು ಕೆಲಸ ಹಿಡಿದುಕೊಂಡು ಉಳಿದದ್ದನ್ನು ಬಿಡಿ ಎಂದು ಹೇಳಲು. ಆ ಚಾರ್ಜರ್ ವಿಷಯದಲ್ಲಿ ನನ್ನ ತಂಗಿ ಈಗ ನಿಶ್ಚಿಂತೆಯಿಂದ ಮಲಗುತ್ತಾಳೆ.

ವಿಜಯಪುರದಾಂವ, ಗೋವಂಡಿ · ಮಂಗಳವಾರ ರಾತ್ರಿ

ಅಕ್ಕಾರ, ನಿಮ್ಮ ಮಗಳ ಮಾತು ಓದಿ ಕರುಳು ಚುರ್ ಅಂತು. ಆದ್ರ ಇಲ್ಲಿ ಯಾರೂ ಹೇಳದ ಒಂದು ಮಾತು ನಾ ಹೇಳಬೇಕು.

ನಮ್ಮಪ್ಪ ಇಂಡಿ ತಾಲೂಕಿನಾಂವ. 1972ರ ಬರಗಾಲದಾಗ ಹೊಲ ಬಿಟ್ಟು, ನಮ್ಮವ್ವನ್ನ ಕರಕೊಂಡು ಈ ಊರಿಗೆ ಬಂದ. ಬಾವಿ ಬತ್ತಿದ್ದು, ದನಾ ಮಾರಿದ್ದು ಇನ್ನೂ ಹೇಳ್ತಾಳ ನಮ್ಮವ್ವ. ಮಳಿ ಕೈ ಕೊಟ್ರ ಊರು ಬಿಡಬೇಕಾಗ್ತದ ಅನ್ನೂದು ನಮ್ಮ ಮನ್ಯಾಗ ಮುಂದ ಬರೂ ಮಾತಲ್ಲ, ಆಗಿ ಹೋದ ಮಾತು. ನಾವ ಹಂಗ ಬಂದಾವ್ರು.

ಈಗ ಇರೂದು ದೇವನಾರ ಕಚರಾ ಗುಡ್ಡದ ಬಾಜೂಕ. 1927ರಿಂದ ಅಲ್ಲಿ ಈ ಊರಿನ ಕಸ ಬೀಳ್ತದ. ಹೋಟೆಲ್ ಅಣ್ಣಾರು ಗುಡ್ಡೆ ಅಂದ್ರಲ್ಲ, ಅದ ಗುಡ್ಡದ ಬುಡದಾಗ ನಮ್ಮ ಮನಿ. 2016ರ ಜನವರಿದಾಗ ಅದಕ್ಕ ಬೆಂಕಿ ಹತ್ತಿ, ದಿನಗಟ್ಟಲೆ ಹೊಗಿ. ಸಾಲಿ ಬಂದ್. ನಮ್ಮ ಸಣ್ಣಾಂವ ಆಗ ಎರಡು ವರ್ಷದಾಂವ, ಒದ್ದಿ ಅರಿವಿ ಮುಖಕ್ಕ ಹಿಡದು ರಾತ್ರಿಯೆಲ್ಲಾ ಕುಂತಿದ್ದೆ. ಮೀಥೇನ್ ಅಂದ್ರ ಏನಂತ ನನಗ ಗೊತ್ತಾಗಿದ್ದು ಆ ಹೊಗಿಯಿಂದ.

ನಮ್ಮಾಕಿ ಭಂಗಾರದ ಗಾಲಾದಾಗ, ಅಂದ್ರ ಗುಜರಿ ಅಂಗಡ್ಯಾಗ, ಪ್ಲಾಸ್ಟಿಕ್ ಆರಿಸ್ತಾಳ. ಫ್ಲ್ಯಾಟಿನವ್ರು ಎಲ್ಲಾ ಕೂಡಿಸಿ ಒಂದ ಚೀಲದಾಗ ಕಟ್ಟಿ ಒಗೀತಾರ. ಸಾರು ಮೆತ್ತಿದ ಹಾಲಿನ ಪಾಕೀಟಿಗೆ ರೇಟ್ ಇಲ್ಲ, ತೊಳದು ಒಣಗಿಸಿದ್ದಕ್ಕ ರೇಟ್ ಐತಿ. ಒಡದ ಗಾಜು ಹಂಗ ಹಾಕ್ತಾರ, ಆಕಿ ಅಂಗೈ ಮ್ಯಾಲ ನಾಕು ಹೊಲಿಗಿ ಬಿದ್ದಾವ. ಪ್ಯಾಡ್ ಬಿಚ್ಚಿ ಒಗದಿರ್ತಾರ.

ಅಂಧೇರಿ ಸರ್, ನೀವು ಮಾಡಿದ್ದರಿಂದ ಜಗತ್ತು ಬದಲಾಗಿರಲಿಕ್ಕಿಲ್ಲ. ಆದ್ರ ನಿಮ್ಮ ಮನಿ ಪ್ಲಾಸ್ಟಿಕ್ ಚೀಲ ಏಳು ವರ್ಷ ನಮ್ಮ ಕಡೆ ಬಂದಿರಲಿಕ್ಕಿಲ್ಲ. ಅದು ನನಗ ಸಣ್ಣದಲ್ಲ.

ಅಕ್ಕಾರ, ಮಗಳಿಗೆ ಕೆಲಸ ಬೇಕಂದ್ರ ಇಷ್ಟ ಹೇಳ್ರಿ. ಹಸೀದು ಬ್ಯಾರೆ, ಒಣದು ಬ್ಯಾರೆ. ಪಾಕೀಟು ತೊಳದು ಇಡ್ರಿ. ಗಾಜು ಪೇಪರಿನಾಗ ಸುತ್ತಿ, ಮ್ಯಾಲ 'ಕಾಂಚ' ಅಂತ ಬರೀರಿ. ಪ್ಯಾಡ್ ಪೇಪರಿನಾಗ ಕಟ್ಟಿ ಕೆಂಪು ಗುರುತು ಹಾಕ್ರಿ.

ನಮ್ಮವ್ವ ಹಳೀ ಸೀರಿ ಕೂಡಿಸಿ ಕೌದಿ ಹೊಲೀತಾಳ. ಒಂದು ಕೌದಿಗೆ ಐದಾರು ಸೀರಿ ಹಿಡೀತಾವ. ನಿಮ್ಮ ಮಗಳಿಗೂ ಒಂದು ಹೊಲದು ಕೊಡ್ತೀನಿ ಅಂದಾಳ, ಸೀರಿ ನೀವ ಕೊಡಬೇಕು.

ಡೊಂಬಿವಲಿ ಅಮ್ಮ · ಮಂಗಳವಾರ ರಾತ್ರಿ

ಅಣ್ಣ, ನಿಮ್ಮ ಮಾತನ್ನು ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಇಬ್ಬರೂ ಎದ್ದು ಹೋಗಿ ಸಿಂಕಿನ ಕೆಳಗಿನ ಕಸದ ಚೀಲ ಬಿಚ್ಚಿದೆವು. ಹಾಲಿನ ಪಾಕೀಟು, ಚಹಾ ಚರಟ, ಮೀನಿನ ಮುಳ್ಳು, ಒಂದು ಒಡೆದ ಬಲ್ಬು, ಎಲ್ಲ ಒಟ್ಟಿಗೆ. ಇಪ್ಪತ್ತೆರಡು ವರ್ಷದಿಂದ ನಾನು ಹೀಗೇ ಕಟ್ಟಿ ಹೊರಗಿಟ್ಟಿದ್ದೇನೆ. ನಿಮ್ಮ ಮನೆಯವರ ಕೈ ನೆನಪಾಗಿ ಮಾತು ಹೊರಡಲಿಲ್ಲ. ಕ್ಷಮಿಸಿ ಎಂದು ಅವರಿಗೆ ಹೇಳಿ.

ಒಣ ಕಸಕ್ಕೆ ಬೇರೆ ಡಬ್ಬಿ ಇವತ್ತೇ ಇಟ್ಟಾಯಿತು. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಲು ಆಗುತ್ತದಾ? ನಮ್ಮದು ಒಂದೂವರೆ ಖೋಲಿಯ ಮನೆ, ಬಾಲ್ಕನಿ ಮೂರಡಿ. ಒಮ್ಮೆ ಪ್ರಯತ್ನಿಸಿದ್ದೆ, ವಾಸನೆ ಬಂದು ಪಕ್ಕದವರು ಕಮಿಟಿಗೆ ದೂರು ಕೊಟ್ಟರು.

ಬೊರಿವಲಿ ಬಾಲ್ಕನಿ · ಬುಧವಾರ ಬೆಳಿಗ್ಗೆ

ಖಂಡಿತ ಆಗುತ್ತದೆ. ನನ್ನದು ಹನ್ನೊಂದನೇ ಮಹಡಿ, ಒಂಬತ್ತು ವರ್ಷದಿಂದ ಮಾಡುತ್ತಿದ್ದೇನೆ, ನಾಲ್ಕು ಮಳೆಗಾಲ ಹಾಳು ಮಾಡಿಕೊಂಡು ಕಲಿತದ್ದು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮುಚ್ಚಳ ಇರುವ 20 ಲೀಟರಿನ ಎರಡು ಬಕೆಟ್ ತಗೊಳ್ಳಿ. ಸುತ್ತಲೂ ತಳದಲ್ಲೂ ಪೆನ್ಸಿಲ್ ಗಾತ್ರದ ತೂತು ಕೊರೆಸಿ, ಕೆಳಗೆ ತಟ್ಟೆ ಇಡಿ. ತಳಕ್ಕೆ ಮೂರು ಬೆರಳು ಎತ್ತರ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ. ಆಮೇಲೆ ದಿನದ ಸಿಪ್ಪೆ ಸಣ್ಣದಾಗಿ ಹೆಚ್ಚಿ ಹಾಕಿ, ಅದರ ಮೇಲೆ ಅದಕ್ಕಿಂತ ಹೆಚ್ಚೇ ಒಣ ಎಲೆ ಹಾಕಿ ಮುಚ್ಚಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ, ಎಲೆಯಲ್ಲಿ ಇಂಗಾಲ ಜಾಸ್ತಿ. ಒಂದು ಪಾಲು ಸಾರಜನಕಕ್ಕೆ 25-30 ಪಾಲು ಇಂಗಾಲ ಸಿಕ್ಕರೆ ಸೂಕ್ಷ್ಮಜೀವಿಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಎಲೆ ಕಡಿಮೆಯಾದರೆ ನೀರು ನಿಂತು, ಗಾಳಿಯಾಡದೆ, ನಾತ ಬರುತ್ತದೆ. ನಿಮಗೆ ಆದದ್ದು ಅದೇ ಇರಬೇಕು.

ಶುರುವಿಗೆ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ, ಅಥವಾ ಯಾರಾದರೂ ಮಾಡಿದ ಹಳೆಯ ಗೊಬ್ಬರ ಎರಡು ಹಿಡಿ ಹಾಕಿ. ಮೂರು ದಿನಕ್ಕೊಮ್ಮೆ ಕೋಲಿನಿಂದ ತಳದವರೆಗೆ ಕಲಕಿ. ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಬಂದರೆ ಹದ ಸರಿ. ನೀರು ಧಾರೆಯಾಗಿ ಬಂದರೆ ಇನ್ನಷ್ಟು ಎಲೆ ಹಾಕಿ, ಮುಚ್ಚಳ ತೆಗೆದು ಕಲಕಿ. ಜುಲೈ-ಆಗಸ್ಟ್‌ನಲ್ಲಿ ಮುಂಬಯಿ ಗಾಳಿಯೇ ಒದ್ದೆ, ಆಗ ಎಲೆ ಒಂದೂವರೆ ಪಟ್ಟು ಬೇಕು. ಅದಕ್ಕೇ ನಾನು ಮಾರ್ಚಿನಲ್ಲೇ ಎಲೆ ಕೂಡಿಸಿ ಗೋಣಿಯಲ್ಲಿ ಕಟ್ಟಿಡುತ್ತೇನೆ.

ಬಿಳಿ ಬೂಷ್ಟು ಬಂದರೆ ಹೆದರಬೇಡಿ, ಒಳ್ಳೆಯದೇ. ಕಂದು ಬಣ್ಣದ ದಪ್ಪ ಹುಳು ಬಂದರೂ ಕೊಲ್ಲಬೇಡಿ, ಅವು ನಿಮ್ಮ ಕೆಲಸ ಬೇಗ ಮುಗಿಸುತ್ತವೆ, ಕಚ್ಚುವುದಿಲ್ಲ. ಒಳಗೆ ಕೈ ಇಟ್ಟರೆ ಬೆಚ್ಚಗಿರಬೇಕು. ನನ್ನ ಮೊಮ್ಮಗ ದಿನಾ ಬೆಳಿಗ್ಗೆ ಜ್ವರ ನೋಡುವ ಹಾಗೆ ಬಕೆಟ್ಟಿನೊಳಗೆ ಕೈ ಇಟ್ಟು ನೋಡುತ್ತಾನೆ.

ಮೀನು ಮಾಂಸ ಬಕೆಟ್ಟಿಗೆ ಬೇಡ, ಇಲಿ ಬರುತ್ತದೆ. ಮೀನಿನ ತಲೆ ಹೇಗೂ ಸಾರಿಗೆ ಹೋಗುತ್ತದಲ್ಲ. ಉಳಿದ ಮುಳ್ಳನ್ನು ಡಬ್ಬಿಯಲ್ಲಿ ಫ್ರೀಜರಿನಲ್ಲಿಟ್ಟು, ಹಸಿ ಕಸದ ಗಾಡಿ ಬರುವ ಹೊತ್ತಿಗೆ ಕೊಡಿ. ತೆಂಗಿನ ಚಿಪ್ಪು ಕರಗುವುದಿಲ್ಲ. ಲಿಂಬೆ ಸಿಪ್ಪೆ, ಉಳಿದ ಅನ್ನ ಸ್ವಲ್ಪ ಸ್ವಲ್ಪ ಸಾಕು. ಬಾಳೆಲೆಯನ್ನು ಕತ್ತರಿಸಿ ಹಾಕಿ.

ಒಂದು ಬಕೆಟ್ ತುಂಬಿದ ಮೇಲೆ ಮುಚ್ಚಿಟ್ಟು ಎರಡನೆಯದು ಶುರು ಮಾಡಿ. 45ರಿಂದ 60 ದಿನಕ್ಕೆ ಮೊದಲನೆಯದು ಕಪ್ಪಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ನಮ್ಮ ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 30 ಕೆ.ಜಿ.ಯಷ್ಟು ಹಸಿ ಕಸ, ಅದು ಕುಗ್ಗಿ ಐದಾರು ಕೆ.ಜಿ. ಗೊಬ್ಬರ ಆಗುತ್ತದೆ.

ಮನಸ್ಸಿನ ಬಗ್ಗೆ ಕೇಳಿದಿರಿ. ನನ್ನ ಗಂಡ ತೀರಿಕೊಂಡ ವರ್ಷ ನಾನು ಇದನ್ನು ಶುರು ಮಾಡಿದ್ದು. ಬೆಳಿಗ್ಗೆ ಏಳಲು ಒಂದು ಕಾರಣ ಬೇಕಿತ್ತು.

ಪುಣೆ ಕೊಥ್ರೂಡ್ · ಬುಧವಾರ ಸಂಜೆ

ನಮ್ಮ ಪುಣೆಯ ಒಂದು ವಿಷಯ ಸೇರಿಸುತ್ತೇನೆ. ಇಲ್ಲಿ ಮನೆ ಮನೆಯಿಂದ ಕಸ ಒಯ್ಯುವುದು ಸ್ವಚ್ಛ್ ಎಂಬ ಸಹಕಾರ ಸಂಘ. ಕಸ ಆಯುವ ಹೆಣ್ಣುಮಕ್ಕಳು 1993ರಲ್ಲಿ ಕಟ್ಟಿದ ಸಂಘಟನೆಯಿಂದ ಹುಟ್ಟಿದ್ದು. ನಮ್ಮ ಮನೆಗೆ ಬರುವ ಮಾವಶಿ ಹಸಿ ಒಣ ಬೆರೆಸಿದ್ದರೆ ಬಾಗಿಲು ತಟ್ಟಿ ವಾಪಸ್ ಕೊಡುತ್ತಾರೆ. ನನ್ನ ಅತ್ತೆಗೆ ಎಂಬತ್ತು ವರ್ಷ, ಮಾವಶಿಯ ಮುಂದೆ ಮರ್ಯಾದೆ ಹೋಗಬಾರದೆಂದು ಪಾಕೀಟು ತೊಳೆದು ಹಗ್ಗದಲ್ಲಿ ಒಣಗಿಸುತ್ತಾರೆ. ಕಸ ಒಯ್ಯುವವರ ಮುಖ ಪರಿಚಯವಿದ್ದರೆ ಕಸ ಬೇರ್ಪಡಿಸುವುದು ತಾನಾಗಿ ಬರುತ್ತದೆ.

ಅಂಧೇರಿ ಪಶ್ಚಿಮ · ಗುರುವಾರ ರಾತ್ರಿ

ಗೋವಂಡಿಯ ಅಣ್ಣ, ನಿಮ್ಮ ಮಾತನ್ನು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡು ತಿರುಗಿದೆ. ನಾನು ಯಾವಾಗಲೂ ಜಗತ್ತಿನ ಲೆಕ್ಕ ಹಾಕುತ್ತಿದ್ದೆ, ಹದಿನೈದು ಕಿಲೋಮೀಟರ್ ಆಚೆಯ ಒಂದು ಮನೆಯ ಲೆಕ್ಕ ಹಾಕಿರಲಿಲ್ಲ.

ಕಂಪನಿಗಳು, ಸರ್ಕಾರಗಳು ಬದಲಾಗಲೇಬೇಕು ಎಂಬ ನನ್ನ ಮಾತನ್ನು ಬಿಡುವುದಿಲ್ಲ. ಮುಂಬಯಿ ಪಾಲಿಕೆ 2022ರಲ್ಲಿ ಹವಾಮಾನ ಕ್ರಿಯಾ ಯೋಜನೆ ಹೊರಡಿಸಿ, 2050ರೊಳಗೆ ನಿವ್ವಳ ಶೂನ್ಯ, ಅಂದರೆ ಗಾಳಿಗೆ ಬಿಟ್ಟಷ್ಟನ್ನೇ ವಾಪಸ್ ಹೀರಿಸುವುದು, ಎಂದಿದೆ. ಅದನ್ನು ನೆನಪಿಸುತ್ತಲೇ ಇರಬೇಕು. ಆದರೆ ನಮ್ಮದೇ ಸೊಸೈಟಿಯಲ್ಲಿ 310 ಫ್ಲ್ಯಾಟ್‌ಗಳಿವೆ. ದಿನಕ್ಕೆ 100 ಕೆ.ಜಿ.ಗಿಂತ ಹೆಚ್ಚು ಕಸ ಮಾಡುವ ಸೊಸೈಟಿಗಳು ಹಸಿ ಕಸವನ್ನು ತಮ್ಮ ಆವರಣದಲ್ಲೇ ಗೊಬ್ಬರ ಮಾಡಬೇಕೆಂದು ಪಾಲಿಕೆ 2017ರಲ್ಲೇ ಹೇಳಿದೆ. ನಾವು ಇವತ್ತಿನವರೆಗೆ ಮಾಡಿಲ್ಲ. ಬಿದಿರಿನ ಬ್ರಶ್ ಕೊಂಡ ನಾನು ಒಂದು ಸಲವೂ ವಾರ್ಷಿಕ ಸಭೆಗೆ ಹೋಗಿಲ್ಲ.

ಮುಂದಿನ ತಿಂಗಳು ಸಭೆ ಇದೆ. ಬೊರಿವಲಿಯ ಅಕ್ಕ, ಅವತ್ತು ನಿಮ್ಮ ಗೊಬ್ಬರ ಒಂದು ಡಬ್ಬಿ ತಂದು ತೋರಿಸುತ್ತೀರಾ? ವಾಸನೆ ಬರುವುದಿಲ್ಲ ಎಂದು ನಾನು ಹೇಳಿದರೆ ಯಾರೂ ನಂಬುವುದಿಲ್ಲ.

ಬೊರಿವಲಿ ಬಾಲ್ಕನಿ · ಗುರುವಾರ ರಾತ್ರಿ

ಬರುತ್ತೇನೆ. ಸಭೆಯಲ್ಲಿ ಎಲ್ಲರ ಕೈಗೂ ಒಂದೊಂದು ಹಿಡಿ ಕೊಡೋಣ.

ಸಯನ್ ಹೋಟೆಲಿನವ · ಶುಕ್ರವಾರ ರಾತ್ರಿ

ನಡುವೆ ಒಂದು ಸಣ್ಣ ಮಾತು. ಊರಿಗೆ ಹೋಗುವಾಗ ನಾನು ಈಗ ವಿಮಾನ, ವಾಲ್ವೊ ಎರಡೂ ಬಿಟ್ಟು ಮತ್ಸ್ಯಗಂಧ ರೈಲು ಹಿಡಿಯುತ್ತೇನೆ. ಕೊಂಕಣ ರೈಲ್ವೆ ಹಳಿಗೆ 2022ರಲ್ಲಿ ಪೂರ್ತಿ ವಿದ್ಯುತ್ ಬಂದಿದೆ, ಡೀಸೆಲ್ ಹೊಗೆ ಇಲ್ಲ. ನಮ್ಮ ಲೋಕಲ್ ಅಂತೂ 1925ರಿಂದಲೇ ಕರೆಂಟಿನ ಮೇಲೆ ಓಡುತ್ತಿದೆ. ಲೋಕಲ್‌ನಲ್ಲಿ ಓಡಾಡುವ ಪ್ರತಿಯೊಬ್ಬರೂ, ಗೊತ್ತಿಲ್ಲದೆಯೇ, ದಿನಾ ಒಂದು ದೊಡ್ಡ ಕೆಲಸ ಮಾಡುತ್ತಿದ್ದಾರೆ ಎಂದು ಮಗಳಿಗೆ ಹೇಳಿ ಅಕ್ಕ.

ಡೊಂಬಿವಲಿ ಅಮ್ಮ · ಐದು ವಾರಗಳ ನಂತರ

ನಮಸ್ಕಾರ. ಅಮ್ಮನ ಅಕೌಂಟಿನಿಂದ ಬರೆಯುತ್ತಿರುವುದು ನಾನು, ಮಗಳು. ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ, ಅಮ್ಮ ತಿದ್ದುತ್ತಿದ್ದಾರೆ.

ನೀವೆಲ್ಲ ಬರೆದದ್ದನ್ನು ಓದಿದ್ದೇನೆ. ಅಮ್ಮ 2005ರ ಕಥೆ ಹೇಳಿದರು. ಅವರಿಗೂ ಹೆದರಿಕೆ ಇದೆ ಎಂದು ಗೊತ್ತಾದಾಗ ನನಗೆ ಯಾಕೋ ಸಮಾಧಾನ ಆಯಿತು. ಈಗ ಮಳೆ ಜೋರಾದರೆ ಇಬ್ಬರೂ ಒಟ್ಟಿಗೆ ಕೂರುತ್ತೇವೆ, ಫೋನ್ ಒಳಗಿರುತ್ತದೆ.

ಹೆದರಿಕೆ ಹೋಗಿಲ್ಲ. ಹೋದ ವಾರ ಒಂದು ರಾತ್ರಿ ಮತ್ತೆ ನಿದ್ದೆ ಬರಲಿಲ್ಲ. ಆದರೆ ಬೆಳಿಗ್ಗೆ ಬಕೆಟ್ ಕಲಕುವ ದಿನವಾಗಿತ್ತು, ಎದ್ದೆ. ಒಳಗೆ ಕೈ ಇಟ್ಟರೆ ಬಿಸಿ ಇತ್ತು, ಬೊರಿವಲಿ ಆಂಟಿ ಹೇಳಿದ ಹಾಗೇ. ನಮ್ಮ ಮಹಡಿಯಲ್ಲಿ ನಾಲ್ಕು ಮನೆ, ಅದರಲ್ಲಿ ಮೂರು ಮನೆಯವರು ಈಗ ಒಣ ಕಸ ತೊಳೆದು ನನಗೆ ಕೊಡುತ್ತಾರೆ. ದೂರು ಕೊಟ್ಟಿದ್ದ ಪಕ್ಕದ ಮನೆಯ ಕಾಕೂ ಕೂಡ. ಗಾಜಿನ ಪೊಟ್ಟಣದ ಮೇಲೆ ನಾನೇ ಕೆಂಪು ಸ್ಕೆಚ್‌ಪೆನ್ನಿನಿಂದ 'ಕಾಂಚ' ಎಂದು ಬರೆಯುತ್ತೇನೆ. ಗೋವಂಡಿ ಅಂಕಲ್, ನಿಮ್ಮ ಮನೆಯ ಆಂಟಿಯ ಕೈ ಈಗ ಹೇಗಿದೆ?

ಕರೆಂಟ್ ಬಿಲ್ ಬರೆದಿಡುತ್ತಿದ್ದೇನೆ. ಎರಡು ಫ್ಯಾನ್ ಬದಲಾಯಿಸಿದೆವು. ಹೋದ ತಿಂಗಳಿಗಿಂತ 29 ಯೂನಿಟ್ ಕಡಿಮೆ.

ಈಗ ಒಂದು ತೊಂದರೆ. ಒಣ ಎಲೆ ಮುಗಿದಿದೆ, ಮಳೆಗೆ ಕೆಳಗಿನ ಎಲೆಯೆಲ್ಲ ಒದ್ದೆ. ನಾರಿನ ಪುಡಿ ಅಂಗಡಿಯಲ್ಲಿ ತುಂಬ ದುಬಾರಿ. ಬಕೆಟ್ಟಿನಲ್ಲಿ ನೀರು ಜಾಸ್ತಿಯಾಗುತ್ತಿದೆ. ಯಾರ ಹತ್ತಿರವಾದರೂ ಎಲೆ ಇದೆಯಾ?

ವಿಜಯಪುರದಾಂವ, ಗೋವಂಡಿ · ಅದೇ ದಿನ ರಾತ್ರಿ

ಮಗಾ, ಹೊಲಿಗಿ ಬಿಚ್ಚ್ಯಾರ, ಕೈ ಆರಾಮ ಐತಿ. ನೀ ಕೇಳಿದ್ದು ಹೇಳಿದೆ, ನಕ್ಕಳು. ನಿಮ್ಮಮ್ಮ ಕಳಿಸಿದ ಸೀರಿ ಮುಟ್ಯಾವ. ಕೌದಿ ಅರ್ಧ ಆಗೇತಿ, ಅಂಚಿಗೆ ಹಸರ ಸೀರಿ ಹಾಕಲೋ ಕೆಂಪು ಹಾಕಲೋ ಅಂತ ನಮ್ಮವ್ವ ಕೇಳಾಕತ್ತಾಳ.

ಮುಲುಂಡ್ ಮೇಷ್ಟ್ರು · ಅದೇ ದಿನ ರಾತ್ರಿ

ನಮ್ಮ ಸೊಸೈಟಿಯಲ್ಲಿ ಎರಡು ದೊಡ್ಡ ಬಾದಾಮಿ ಮರಗಳಿವೆ. ಮೊದಲೆಲ್ಲ ಎಲೆ ಗುಡಿಸಿ ಸುಡುತ್ತಿದ್ದರು. ಈ ಬೇಸಿಗೆಯಲ್ಲಿ ಸುಡುವುದನ್ನು ನಿಲ್ಲಿಸಿ ಏಳು ಗೋಣಿ ಕಟ್ಟಿ ಮೀಟರ್ ರೂಮಿನ ಪಕ್ಕ ಇಟ್ಟಿದ್ದೇನೆ, ಗರಿಗರಿ ಒಣಗಿವೆ. ಎರಡು ನಿನಗೆ. ಭಾನುವಾರ ಬರಬೇಡ, ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವ ಮೆಗಾಬ್ಲಾಕ್ ಇರುತ್ತದೆ. ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಅಮ್ಮನ ಜೊತೆ ಬಾ, ಸ್ಲೋ ಲೋಕಲ್‌ನಲ್ಲಿ ಗೋಣಿಗೆ ಜಾಗ ಸಿಗುತ್ತದೆ. ಊಟ ನಮ್ಮಲ್ಲೇ.

ಡೊಂಬಿವಲಿ ಅಮ್ಮ · ಅದೇ ದಿನ ರಾತ್ರಿ

ಶನಿವಾರ ಎರಡು ಗಂಟೆಯ ಒಳಗೆ ಬರುತ್ತೇವೆ ಮೇಷ್ಟ್ರೇ. ಗೊಬ್ಬರ ಒಂದು ಡಬ್ಬಿ ತರುತ್ತೇವೆ, ನಿಮ್ಮ ತುಳಸಿಗೆ. ಗೋವಂಡಿ ಅಣ್ಣ, ಅಂಚಿಗೆ ಹಸಿರು ಎನ್ನುತ್ತಿದ್ದಾಳೆ.